ಅಮ್ಮ ಆರೈಕೆಗೆ ಬಂದ ದಿನ

ಅಡುಗೆಮನೆಯಿಂದ ಡಬ್ಬಿಯೊಂದರ ಮುಚ್ಚಳ ತೆಗೆದ ಸದ್ದು ಬಂತು. ಸಕ್ಕರೆ ಡಬ್ಬಿಯಲ್ಲ. ಅದರ ಮುಚ್ಚಳ ಬಿಗಿ, ತೆಗೆದರೆ ಟಪ್ಪೆನ್ನುತ್ತದೆ; ಇದು ಸುಮ್ಮನೆ ಬಿಚ್ಚಿಕೊಂಡಿತು, ಅಂದರೆ ಉಪ್ಪು. ದಿಂಬಿಗೊರಗಿ ಕೂತಿದ್ದ ಅವಳ ನಾಲಿಗೆಯ ತುದಿಗೆ 'ಅದಲ್ಲಮ್ಮಾ, ಪಕ್ಕದ್ದು' ಎಂಬ ಮಾತು ಬಂದು ನಿಂತಿತು. ನುಂಗಿಕೊಂಡಳು. ಚಹಾಕ್ಕೆ ಉಪ್ಪು ಬಿದ್ದರೆ ಬೀಳಲಿ, ಕುಡಿಯೋಣ, ಕುಡಿದು ಚೆನ್ನಾಗಿದೆ ಎನ್ನೋಣ ಎಂದು ನಿರ್ಧರಿಸಿದ್ದಾಯಿತು. ಮರುಕ್ಷಣವೇ ಕಿವಿ ಅವಳ ಮಾತು ಮೀರಿ ಅಡುಗೆಮನೆಗೆ ಹೊರಟುಹೋಯಿತು. ಉರಿ ಜಾಸ್ತಿಯಾಯಿತು. ಹಾಲಿನ ಪಾತ್ರೆಯನ್ನು ಸಣ್ಣ ಒಲೆಯ ಬದಲು ದೊಡ್ಡದರ ಮೇಲೆ ಇಟ್ಟಾಯಿತು. ನಲ್ಲಿಯನ್ನು ಪೂರ್ತಿ ನಿಲ್ಲಿಸಿಲ್ಲ, ತೊಟ್ಟಿಕ್ಕುತ್ತಿದೆ. ಅವಳ ಬಲಗೈ ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಪ್ಲಾಸ್ಟರಿನೊಳಗಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹನ್ನೆರಡು ವರ್ಷದಿಂದ ಅವಳೇ ಮೇಲ್ವಿಚಾರಕಿ. 'ನೆಲ ಒದ್ದೆ, ಜೋಪಾನ' ಎಂಬ ಹಲಗೆಯನ್ನು ಅಲ್ಲಿ ತನ್ನ ಕೈಯಾರೆ ನಿಲ್ಲಿಸಿ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ಅದೇ ನೆಲದ ಮೇಲೆ ಬಿದ್ದು ಎಂಟು ದಿನವಾಗಿತ್ತು. ಆ ಎಂಟು ದಿನವೂ ಎಡಗೈಯಲ್ಲೇ ಸಂಸಾರ ನಡೆಸಿದ್ದಳು. ಒಬ್ಬಳ ಸಂಸಾರ, ಅದಕ್ಕೇನು ಮಹಾ. ನಿನ್ನೆ ಫೋನಿನಲ್ಲಿ ತಮ್ಮನ ಹತ್ತಿರ ಬಾಯಿ ಜಾರಿತು. ಇವತ್ತು ಬೆಳಿಗ್ಗೆ ಎಂಟಕ್ಕೆ ಅವನು ಅಮ್ಮನನ್ನೂ ಒಂದು ಕೈಚೀಲವನ್ನೂ ಬಾಗಿಲಲ್ಲಿ ಇಳಿಸಿ, ಅಕ್ಕನ ಬೈಗುಳ ಕಿವಿಗೆ ಬೀಳುವ ಮೊದಲೇ ಮೆಟ್ಟಿಲಿಳಿದು ಓಡಿದ್ದ.

ಅಮ್ಮನಿಗೆ ಎಪ್ಪತ್ತಮೂರು. ಒಳಗೆ ಬಂದವಳು ಚೀಲವನ್ನು ಕೆಳಗಿಡದೆ, ಬಾಗಿಲ ಬಳಿಯೇ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದ್ದಳು: "ಮೂರು ದಿನ ಇರ್ತೀನಿ. ನಿನಗೆ ಕಷ್ಟ ಆಗತ್ತೆ ಅಂದ್ರೆ ಮುಚ್ಚುಮರೆ ಇಲ್ದೆ ಹೇಳ್ಬಿಡು ದೊಡ್ಡೋಳೇ. ಸಂಜೆ ಚಿಕ್ಕೋನು ಕೆಲಸ ಮುಗಿಸ್ಕೊಂಡು ಈ ಕಡೆಯಿಂದಲೇ ಹೋಗೋದು. ಫೋನ್ ಮಾಡ್ತಾನೆ, ಇಳಿದು ಹೋಗ್ತೀನಿ. ನಂಗೇನೂ ಬೇಜಾರಿಲ್ಲ." ಬೇಜಾರಿಲ್ಲ ಎನ್ನುವಾಗ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಈ ಮನೆಯಲ್ಲಿ ದೊಡ್ಡೋಳು ಹದಿನೆಂಟು ವರ್ಷದಿಂದ ಇದ್ದಾಳೆ. ಅಮ್ಮ ಒಂದು ದಿನವೂ ಇಲ್ಲಿ ಉಳಿದವಳಲ್ಲ. ಬರುತ್ತಿದ್ದಳು, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು, ಲೋಟವನ್ನು ತಾನೇ ತೊಳೆದಿಡುತ್ತೇನೆಂದು ಏಳುತ್ತಿದ್ದಳು, ಬೇಡವೆಂದರೆ ಕೂತುಬಿಡುತ್ತಿದ್ದಳು, ಹೋಗುತ್ತಿದ್ದಳು. ಇವತ್ತು ಇರಲಿ ಎಂದು ಅವಳಿಗೆ ನಿಜವಾಗಿಯೂ ಆಸೆಯಾಗಿತ್ತು. ಐವತ್ತೊಂದನೆಯ ವಯಸ್ಸಿನಲ್ಲಿ ಅಮ್ಮ ಬೇಕು ಅನ್ನಿಸಿತ್ತು, ನಾಚಿಕೆಯಾಗುವಷ್ಟು. ಸಂಜೆಯವರೆಗೆ ಬಾಯಿ ಮುಚ್ಚಿಕೊಂಡು, ಕೈಕಾಲು ಆಡಿಸದೆ, ಅಮ್ಮ ಮಾಡಿದ್ದನ್ನು ಮಾಡಿಸಿಕೊಂಡರೆ ಸಾಕು. ಇಷ್ಟು ಸುಲಭದ ಕೆಲಸ ತನ್ನ ಜೀವಮಾನದಲ್ಲಿ ಯಾರೂ ವಹಿಸಿರಲಿಲ್ಲ, ಆದರೆ ಅದು ತನ್ನಿಂದ ಆಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಚಹಾಕ್ಕೆ ಉಪ್ಪು ಬಿದ್ದಿರಲಿಲ್ಲ. ಸಕ್ಕರೆ ಮಾತ್ರ ಎರಡು ಜನಕ್ಕಾಗುವಷ್ಟಿತ್ತು. ಅಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಮಗಳು ಎಡಗೈಯಲ್ಲಿ ಲೋಟ ಎತ್ತುವುದನ್ನೇ ನೋಡಿದಳು; ಆಮೇಲೆ ಕಣ್ಣು ಮೇಲೆ ಹೋಗಿ ತಲೆಯ ಮೇಲೆ ನಿಂತಿತು.

"ತಲೆಗೆ ನೀರು ಹಾಕ್ಕೊಂಡು ಎಷ್ಟು ದಿನ ಆಯ್ತೇ?"

"ಮೊನ್ನೆ ಹಾಕ್ಕೊಂಡೆ."

"ಒಂದೇ ಕೈಯಲ್ಲಿ?"

"ಹೂಂ."

ಹಸಿ ಸುಳ್ಳು. ಕೂದಲು ಅಂಟಿಕೊಂಡು ಜಿಡ್ಡಾಗಿತ್ತು, ರಾತ್ರಿಯೆಲ್ಲ ತುರಿಕೆ. ಅಮ್ಮ ಸುಳ್ಳನ್ನು ಸುಳ್ಳೆನ್ನಲಿಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನಾನು ಹಾಕ್ಲಾ?" ಎಂದಳು.

"ಬೇಡಮ್ಮ. ನಿಂಗೆ ಬಗ್ಗಕ್ಕಾಗಲ್ಲ. ಸೊಂಟ ಹಿಡ್ಕೊಂಡ್ರೆ ಇನ್ನೊಂದು ಫಜೀತಿ."

ಹೊರಬಂದ ದನಿ ಕೇಳಿ ಅವಳಿಗೇ ಅಸಹ್ಯವಾಯಿತು. ಅದು ರಜೆ ಕೇಳಲು ಬಂದವರಿಗೆ ರಜೆ ಇಲ್ಲವೆನ್ನುವ ದನಿ, ಜೊತೆಗೆ ಅವರ ಆರೋಗ್ಯವನ್ನೂ ವಿಚಾರಿಸುವ ದನಿ. ಅಮ್ಮ "ಹಾಗಾದ್ರೆ ಸರಿ" ಎಂದು ಖಾಲಿ ಲೋಟ ತೆಗೆದುಕೊಂಡು ಎದ್ದಳು. ಈ 'ಹಾಗಾದ್ರೆ ಸರಿ'ಯನ್ನು ಮಗಳು ನಲವತ್ತು ವರ್ಷದಿಂದ ಕೇಳುತ್ತಿದ್ದಾಳೆ.

ಮನಸ್ಸನ್ನು ಬೇರೆ ಕಡೆ ಹೊರಳಿಸಲು ಕೆಲಸದ ಜಾಗಕ್ಕೆ ಫೋನು ಮಾಡಿದಳು. ಅವಳ ಕೈಕೆಳಗಿನ ಹೆಂಗಸು, ಇಸ್ತ್ರಿಯವಳು, ಎತ್ತಿದಳು. ಹಿಂದೆ ಮೂರು ದೊಡ್ಡ ಯಂತ್ರಗಳು ಒಟ್ಟಿಗೆ ತಿರುಗುವ ಮೊರೆತ. ಆ ಮೊರೆತ ಕೇಳಿದ್ದೇ ಜೀವಕ್ಕೆ ಹಾಯೆನಿಸಿತು. ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆಗಳನ್ನು ಬೇರೆ ಹಾಕಿದರೋ, ಮಕ್ಕಳ ವಾರ್ಡಿನ ಹೊದಿಕೆ ಹೋಯಿತೋ, ಎರಡನೇ ಯಂತ್ರದ ಬಾಗಿಲನ್ನು ಮಂಡಿಯಿಂದ ಒತ್ತಿ ಹಾಕಬೇಕು ನೆನಪಿದೆಯೋ. "ಎಲ್ಲ ಆಗಿದೆ ಮೇಡಮ್," ಎಂದಳು ಇಸ್ತ್ರಿಯವಳು. "ಆ ಬಾಗಿಲನ್ನ ರಿಪೇರಿ ಮಾಡಿಸ್ಬಿಟ್ವಿ. ಹತ್ತು ನಿಮಿಷದ ಕೆಲಸ ಅಂತೆ. ನೀವು ಆರಾಮಾಗಿರಿ." ಹನ್ನೆರಡು ವರ್ಷ ತನ್ನ ಮಂಡಿ ಕೊಟ್ಟು ಸಾಕಿದ ಬಾಗಿಲು. ಫೋನಿಟ್ಟ ಮೇಲೆ ಅವಳಿಗೆ ನಗು ಬಂತು. ಅಲ್ಲಿ ಅವಳ ಬೆನ್ನ ಹಿಂದಿನ ಹೆಸರು ಗದ್ದದಮ್ಮ. ಮಂಚದ ಹಾಸನ್ನು ಮಡಿಸಲು ಇಬ್ಬರು ಬೇಕು; ಎದುರುಬದುರು ನಿಂತು, ನಾಲ್ಕು ತುದಿ ಹಿಡಿದು, ಹತ್ತಿರ ಬಂದು, ದೂರ ಹೋಗಿ. ಅವಳೊಬ್ಬಳು ಮಾತ್ರ ಹಾಸಿನ ನಡುವನ್ನು ಗದ್ದಕ್ಕೆ ಸಿಕ್ಕಿಸಿಕೊಂಡು, ತೋಳು ಚಾಚಿ, ಯಾರ ಹಂಗೂ ಇಲ್ಲದೆ ಮಡಿಸುತ್ತಾಳೆ. ಹೊಸಬರು ಮೊದಲು ನಗುತ್ತಾರೆ, ಆಮೇಲೆ ಕಲಿಯಲು ನೋಡುತ್ತಾರೆ, ಯಾರಿಗೂ ಬರುವುದಿಲ್ಲ. ಅದು ಒಂಬತ್ತನೆಯ ವಯಸ್ಸಿನಲ್ಲಿ, ತೋಳು ಗಿಡ್ಡವಿದ್ದಾಗ, ಇನ್ನೊಂದು ತುದಿ ಹಿಡಿಯಬೇಕಾದವಳು ಗೋಡೆಯ ಕಡೆ ಮುಖಮಾಡಿ ಮಲಗಿದ್ದಾಗ ಕಲಿತ ವಿದ್ಯೆ.

ಆ ಗೋಡೆಗೆ ತಿಳಿಹಳದಿ ಬಣ್ಣ. ಅಮ್ಮನ ಉಸಿರು ತಾಗುವ ಜಾಗದಲ್ಲಿ ಮಾತ್ರ ಬಣ್ಣ ಕಂದಿತ್ತು. ಜ್ವರವಿಲ್ಲ, ಗಾಯವಿಲ್ಲ, ಚಿಕ್ಕೋನು ಹುಟ್ಟಿ ಸ್ವಲ್ಪ ದಿನಕ್ಕೆ ಅಮ್ಮ ಮಲಗಿದಳು, ಅಷ್ಟೆ. ಡಾಕ್ಟರು ಟಾನಿಕ್ಕು ಬರೆದುಕೊಟ್ಟರು. ಅಪ್ಪ ಗೂಡ್ಸ್ ರೈಲಿನ ಗಾರ್ಡು, ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ. ಒಂದು ಬೆಳಿಗ್ಗೆ ಹೊರಡುವಾಗ ಮನೆಯ ಬೀಗದಕೈಯನ್ನು ಅವಳ ಕತ್ತಿಗೆ ದಾರ ಹಾಕಿ ಕಟ್ಟಿ, "ನೀನೇ ನೋಡ್ಕೋಬೇಕು ದೊಡ್ಡೋಳೇ" ಎಂದು ತಲೆ ಸವರಿದ. ನೋಡಿಕೊಂಡಳು. ಅಕ್ಕಿ ತೊಳೆದಳು, ಸ್ಟೂಲು ಹತ್ತಿ ಒಲೆ ಹಚ್ಚಿದಳು, ತಮ್ಮನ ಬಟ್ಟೆ ಬದಲಿಸಿದಳು, ಅಮ್ಮನ ಬಾಯಿಗೆ ಚಮಚದಲ್ಲಿ ಗಂಜಿ ಹಾಕಿ ಬಾಯಿ ಒರೆಸಿದಳು, ಬೆಲ್ಲು ಹೊಡೆಯುವ ಹೊತ್ತಿಗೆ ಶಾಲೆಗೆ ಓಡಿದಳು. ಈ ಕಥೆಯನ್ನು ಯಾರಿಗಾದರೂ ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ. ಅದಕ್ಕೇ ಯಾರಿಗೂ ಹೇಳುವುದಿಲ್ಲ. ಯಾಕೆಂದರೆ ಪಾಪವೇನೂ ಅಲ್ಲ, ಅವಳಿಗೆ ಅದು ಇಷ್ಟವಾಗಿತ್ತು. ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಾಗುವುದಿಲ್ಲ. ಅಮ್ಮ ಮಲಗಿರುವ ಮನೆಯಲ್ಲಿ ಅವಳಿಗೆ ಖುಷಿಯಿತ್ತು. ಕೆಳಮನೆಯವರು ತಮ್ಮ ಮಕ್ಕಳಿಗೆ ಇವಳನ್ನು ತೋರಿಸಿ ಬೈಯುತ್ತಿದ್ದರು. ತಮ್ಮ ಬಿದ್ದರೆ ಅಳುತ್ತಾ ಬರುತ್ತಿದ್ದುದು ಇವಳ ಹತ್ತಿರ. ಅಮ್ಮನ ಮಂಚವನ್ನು ದಾಟಿಕೊಂಡು ಬರುತ್ತಿದ್ದ, ದಾಟುವಾಗ ಅತ್ತ ನೋಡುತ್ತಲೂ ಇರಲಿಲ್ಲ. ಅವನ ಮದುವೆಯ ಫೋಟೋದಲ್ಲಿ ಫೋಟೋದವನು ನಡುವಿನ ಕುರ್ಚಿ ತೋರಿಸಿ "ಹುಡುಗನ ತಾಯಿ ಬನ್ನಿ" ಎಂದಾಗ ಅವನು ಹಿಂದೆಮುಂದೆ ನೋಡದೆ ಅಕ್ಕನ ಕೈ ಹಿಡಿದೆಳೆದು ಕೂರಿಸಿದ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ನಕ್ಕು ಹಿಂದಿನ ಸಾಲಿಗೆ ಹೋದಳು. ಏಳಬೇಕಿತ್ತು. ಎದ್ದು "ಅಮ್ಮ ಕೂತ್ಕೋ" ಎನ್ನಲು ಅರೆಗಳಿಗೆ ಸಾಕಿತ್ತು. ಫೋಟೋದಲ್ಲಿ ಅಮ್ಮನ ಅರ್ಧ ಮುಖವನ್ನು ಅವಳ ಮುಡಿ ಮರೆ ಮಾಡಿದೆ. ಅವಳ ಗಂಡನೂ ಬಿಟ್ಟುಹೋಗುವಾಗ ಜಗಳವಾಡಲಿಲ್ಲ, ಒಳ್ಳೆಯವನೇ ಅವನು. "ನಿನ್ನ ಮನೇಲಿ ನಾನು ಎರಡನೇ ಚಿಕ್ಕೋನು" ಎಂದು ಪೆಟ್ಟಿಗೆ ತುಂಬಿಕೊಂಡ. ಆ ಪೆಟ್ಟಿಗೆಯನ್ನೂ ಅವಳೇ ಬಿಚ್ಚಿ ಸರಿಯಾಗಿ ಜೋಡಿಸಿಕೊಟ್ಟಿದ್ದಳು.

ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಎದೆಯಲ್ಲಿ ಮುಳ್ಳಿನಂತೆ ಚುಚ್ಚುವುದು ಬೇರೆ ಒಂದು ಬೆಳಿಗ್ಗೆ. ಆಗ ಅವಳಿಗೆ ಹದಿನಾಲ್ಕು. ಹಾಲು ತಂದು ಬಾಗಿಲು ತಳ್ಳಿದರೆ ಒಲೆಯ ಮುಂದೆ ಅಮ್ಮ ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು. ಐದು ವರ್ಷದಲ್ಲಿ ಅಮ್ಮ ಇಷ್ಟು ಎತ್ತರವೆಂಬುದೇ ಮರೆತುಹೋಗಿತ್ತು. ಸೌಟು ಹಿಡಿದು ಅನ್ನದ ಪಾತ್ರೆ ತಿರುವುತ್ತಿದ್ದಳು, ನೀರು ಸಾಲದೆ ತಳ ಹಿಡಿದ ವಾಸನೆ ಬರುತ್ತಿತ್ತು, ತಿರುಗಿ ನೋಡಿ ನಕ್ಕಳು. ಮಗಳು ಹಾಲಿನ ಪಾತ್ರೆ ಕೆಳಗಿಟ್ಟಳು. ಹೋಗಿ ತಬ್ಬಿಕೊಳ್ಳಲಿಲ್ಲ. ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೌಟು ಇಸಿದುಕೊಂಡು, "ನೀನು ಹೋಗಿ ಮಲಕ್ಕೋ ಅಮ್ಮ, ನಾನು ಮಾಡ್ತೀನಿ" ಎಂದಳು. ಎಷ್ಟು ಮೆತ್ತಗೆ ಹೇಳಿದ್ದಳೆಂದರೆ, ಕಂಡವರು ಎಂಥ ಬಂಗಾರದಂಥ ಮಗಳು ಎನ್ನಬೇಕು. ಒಳಗಿದ್ದದ್ದು ಅವಳಿಗೆ ಗೊತ್ತು: ಇದು ನನ್ನದು, ನೀನು ಯಾಕೆ ಬಂದೆ. ಅಮ್ಮ ಹಾಗಾದ್ರೆ ಸರಿ ಎಂದು ಹೋಗಿ ಮಲಗಿದಳು. ಆಮೇಲೆ ಎದ್ದಳು, ಓಡಾಡಿದಳು, ನಕ್ಕಳು, ಬೇರೆಯವರ ಮನೆಗೆ ಹೋಗಿಬಂದಳು. ತನ್ನ ಮನೆಯಲ್ಲಿ ಮಾತ್ರ ನೆಂಟರ ಹಾಗೆ, ಡಬ್ಬಿ ತೆಗೆಯುವ ಮೊದಲು ಕೇಳಿ ತೆಗೆಯುವವಳ ಹಾಗೆ ಇದ್ದುಬಿಟ್ಟಳು. ಅಮ್ಮನಿಗೆ ಆ ಬೆಳಿಗ್ಗೆ ನೆನಪಿಲ್ಲ ಎಂಬುದೊಂದೇ ಅವಳಿಗಿದ್ದ ಸಮಾಧಾನ.

ಮಧ್ಯಾಹ್ನಕ್ಕೆ ಅಮ್ಮ ತರಕಾರಿ ಹೆಚ್ಚಿದಳು. ಟಕ್ ಟಕ್ ಸದ್ದು ನಿಧಾನ, ನಡುನಡುವೆ ಬಹಳ ಹೊತ್ತು ಮೌನ. ಕೈ ಕೊಯ್ದುಕೊಂಡಳೋ ಏನೋ. ಅವಳು ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತಳು. ಕುಕ್ಕರು ಕೂಗಲು ತೊಡಗಿತು. ಒಂದು. ಎರಡು. ಮೂರಕ್ಕೆ ನಿಲ್ಲಿಸಬೇಕು. ನಾಲ್ಕು. ಅಮ್ಮನಿಗೆ ಗೊತ್ತಿಲ್ಲವೇ, ಚಿಕ್ಕೋನ ಮನೆಯಲ್ಲಿ ಸೊಸೆ ಒಲೆ ಮುಟ್ಟಗೊಡುವುದಿಲ್ಲವಲ್ಲ, ಸೊಸೆಗೆ ಅದನ್ನು ಹೇಳಿಕೊಟ್ಟವಳಾದರೂ ಯಾರು, ತಾನೇ, 'ಅಮ್ಮನ್ನ ಒಲೆ ಹತ್ತಿರ ಬಿಡಬೇಡ, ಅಭ್ಯಾಸ ಇಲ್ಲ' ಎಂದು. ಐದು. ಅವಳು ಎದ್ದಿದ್ದಳು. ಎದ್ದದ್ದು ಗೊತ್ತಾದದ್ದು ಅಡುಗೆಮನೆಯ ಬಾಗಿಲಿಗೆ ಬಂದ ಮೇಲೆ. ಅಮ್ಮ ಬೆನ್ನು ತಿರುಗಿಸಿ ನಿಂತು, ಬಾಣಲೆಯಲ್ಲಿ ಏನನ್ನೋ ಹುರಿಯುತ್ತಾ, ಬಾಯಲ್ಲೇ ಯಾವುದೋ ರಾಗ ಗುನುಗುತ್ತಿದ್ದಳು. ಅಮ್ಮ ಗುನುಗುತ್ತಾಳೆಂಬುದು ಅವಳಿಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಕೇಳಬಹುದಿತ್ತು. ಎಡಗೈ ಮಾತ್ರ ಅದರ ಪಾಡಿಗೆ ಮುಂದೆ ಹೋಗಿ ಕುಕ್ಕರಿನ ಉರಿ ಆರಿಸಿತು, ಆಮೇಲೆ ಅಮ್ಮನ ತೋಳಿನಡಿಯಿಂದ ತೂರಿ ಸೌಟಿಗೆ ಕೈ ಹಾಕಿತು.

"ಕೊಡಮ್ಮ ಇಲ್ಲಿ. ತಳ ಹಿಡೀತಿದೆ."

ಅಮ್ಮನ ಗುನುಗು ನಿಂತಿತು. ಸೌಟು ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡಿದ್ದರು, ಎಪ್ಪತ್ತಮೂರರ ಎರಡು ಕೈ, ಐವತ್ತೊಂದರ ಒಂದು ಕೈ. ಎಳೆದಾಟದಲ್ಲಿ ಬಾಣಲೆ ಓರೆಯಾಗಿ, ಜಾರಿ, ನೆಲಕ್ಕೆ ಬಿದ್ದು ಅರ್ಧ ಪಲ್ಯ ಚೆಲ್ಲಿತು. ಅಮ್ಮ ಒಲೆ ಆರಿಸಿದಳು. ನೆಲವನ್ನು ನೋಡಿದಳು, ಮಗಳನ್ನು ನೋಡಿದಳು.

"ಅವತ್ತೂ ಹೀಗೇ ಇಸ್ಕೊಂಡೆ," ಎಂದಳು.

ಮಗಳು ಗೋಡೆಗೆ ಒರಗಿದಳು.

"ನಿಂಗೆ ನೆನಪಿದೆಯಾ ಅಮ್ಮ?"

"ಇರಲ್ವಾ? ಹಾಲು ತಂದಿದ್ದೆ. ಎರಡು ಜಡೆ, ಒಂದು ಬಿಚ್ಚೋಗಿತ್ತು. ಅದನ್ನ ಕಟ್ಟೋಣ ಅಂತ ಇದ್ದೆ ನಾನು, ಅನ್ನ ಇಳಿಸಿಬಿಟ್ಟು."

"ಬೈಬೇಕಿತ್ತು ನೀನು. ಕಪಾಳಕ್ಕೆ ಒಂದು ಕೊಡ್ಬೇಕಿತ್ತು."

"ಹೇಗೆ ಬೈಯೋದು? ಐದು ವರ್ಷ ನೀನು ತುತ್ತು ಹಾಕಿದ್ದೀಯ." ಅಮ್ಮ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕೂತು, ಚೆಲ್ಲಿದ್ದನ್ನು ತಟ್ಟೆಗೆ ಬಳಿಯತೊಡಗಿದಳು. "ನಿನ್ನ ಮುಖ ನೋಡ್ದೆ. ಹೆದರಿಕೆ ಆಯ್ತು. ನಿನ್ನ ಕಂಡು ಅಲ್ಲ, ನಿನಗೋಸ್ಕರ. ಆಟ ಇಲ್ಲ ನಿಂಗೆ, ಒಬ್ಬಳು ಗೆಳತಿ ಇಲ್ಲ. ಇದೊಂದನ್ನ ಹಿಡ್ಕೊಂಡಿದ್ದೆ. ನಾನು ಈಗ ಇದನ್ನೂ ಕಿತ್ಕೊಂಡ್ರೆ ಈ ಹುಡುಗಿ ಕೈಯಲ್ಲಿ ಏನುಳಿಯತ್ತೆ ಅನ್ನಿಸ್ತು. ಇಟ್ಕೊಳ್ಳಲಿ ಸ್ವಲ್ಪ ದಿನ ಅಂತ ಹೋಗಿ ಮಲಗಿದೆ. ನಿದ್ದೆ ಏನೂ ಬರ್ಲಿಲ್ಲ."

"ಸ್ವಲ್ಪ ದಿನ!"

"ಹೂಂ. ಆಮೇಲೆ ಹೇಗೆ ವಾಪಸ್ ಕೇಳೋದು ಅಂತ ಗೊತ್ತಾಗ್ಲಿಲ್ಲ. ಯಾರನ್ನ ಕೇಳ್ಲಿ? ಮಗಳನ್ನ ಹೋಗಿ, ನನ್ನ ಮನೆ ನಂಗೆ ಕೊಡೇ ಅಂತ ಕೇಳಕ್ಕಾಗತ್ತಾ?"

ಅಮ್ಮನ ದನಿಯಲ್ಲಿ ಆರೋಪವಿರಲಿಲ್ಲ. ಎಲ್ಲೋ ಇಟ್ಟು ಮರೆತ ಛತ್ರಿಯ ಬಗ್ಗೆ ಹೇಳುವ ಹಾಗೆ ಹೇಳಿದ್ದಳು, ಅದಕ್ಕೇ ಅದು ಮಗಳಿಗೆ ತಾಗಿತು. ಮೂವತ್ತೇಳು ವರ್ಷ ತಾನು ಕದ್ದುಕೊಂಡೆನೆಂದು ಒಳಗೊಳಗೇ ಕೊರಗಿದ್ದನ್ನು ಈ ಹೆಂಗಸು ತಾನಾಗಿ ಬಿಟ್ಟುಕೊಟ್ಟಿದ್ದಳು. ಬಿಟ್ಟುಕೊಟ್ಟು, ಅದರ ಮೇಲೆ ಕಾವಲು ಕೂತ ಹಾಗೆ ಹಿಂದಿನ ಸಾಲಿನಲ್ಲಿ ಇದ್ದಳು. ತನಗೆ ಅಮ್ಮ ಇರಲಿಲ್ಲವೆಂದು ಯಾವಾಗಲೂ ಅಂದುಕೊಂಡಿದ್ದಳು; ಇದ್ದಳು, ಬಾಯಿ ಮುಚ್ಚಿಕೊಂಡು ಇದ್ದಳು. ಅವಳಿಗೆ ಅಳು ಬಂತು. ಅಳುವಾಗ ಏನು ಮಾಡಬೇಕೆಂಬುದು ಅವಳಿಗೆ ಬೇರೆಯವರ ವಿಷಯದಲ್ಲಿ ಮಾತ್ರ ಗೊತ್ತಿತ್ತು: ಬೆನ್ನು ಸವರಬೇಕು, ನೀರು ಕೊಡಬೇಕು. ತನಗೇ ಬಂದಾಗ ದಾರಿ ಕಾಣದೆ ಪ್ಲಾಸ್ಟರಿನ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಮೂಗು ಒರಟು ಗಚ್ಚಿಗೆ ತರಚಿತು.

ಅಮ್ಮ ನೆಲ ಒರೆಸಿ ಮುಗಿಸುವವರೆಗೂ ಏಳಲಿಲ್ಲ. ಮೂಲೆಗಳನ್ನು ಬಿಟ್ಟಿದ್ದಳು, ಒಲೆಯ ಕಾಲಿನ ಹತ್ತಿರ ಎಣ್ಣೆ ಹಾಗೇ ಇತ್ತು. ಮಗಳು ಕಂಡಳು, ಸುಮ್ಮನಿದ್ದಳು. ಉಳಿದರ್ಧ ಪಲ್ಯವನ್ನು ಇಬ್ಬರೂ ಬಡಿಸಿಕೊಂಡು ಉಂಡರು. ಅನ್ನ ಗಂಜಿಯಾಗುವಷ್ಟು ಬೆಂದಿತ್ತು. "ಮೆತ್ತಗಾಯ್ತು," ಎಂದಳು ಅಮ್ಮ. "ಹೌದು, ಬಹಳ ಮೆತ್ತಗಾಗಿದೆ," ಎಂದಳು ಮಗಳು. ಅಮ್ಮ ಅದಕ್ಕೆ ನಕ್ಕುಬಿಟ್ಟಳು. ಆಮೇಲೆ ಇಬ್ಬರಿಗೂ ಮಂಪರು. ಮಗಳು ಮಂಚದಲ್ಲಿ, ಅಮ್ಮ ಕುರ್ಚಿಯಲ್ಲಿ, ಈ ಸಲ ಬೆನ್ನಾನಿಸಿ ಕೂತಿದ್ದಳು.

ನಾಲ್ಕೂವರೆಗೆ ಎಚ್ಚರವಾದಾಗ ಬಿಸಿಲು ನೆಲದಿಂದ ಗೋಡೆಗೆ ಹತ್ತಿತ್ತು. ಅಮ್ಮ ಎದ್ದು ಮುಖ ತೊಳೆದು, ತಲೆ ಬಾಚಿ, ಚೀಲವನ್ನು ಬಾಗಿಲ ಹತ್ತಿರ ಇಟ್ಟಿದ್ದಳು. ಇಟ್ಟು ಕಿಟಕಿಯ ಹತ್ತಿರ ನಿಂತಿದ್ದಳು. ಐದಕ್ಕೆ ಚಿಕ್ಕೋನ ಫೋನು ಬರುತ್ತದೆ. ಹೇಳಿದ್ದಾಯಿತು, ಕೇಳಿದ್ದಾಯಿತು, ಇನ್ನು ಹೋದರೂ ಹೋಗಬಹುದು ಎಂಬಂತೆ ನಿಂತಿದ್ದ ಆ ಬೆನ್ನನ್ನು ನೋಡಿ ಅವಳಿಗೆ ಭಯವಾಯಿತು. 'ಇರಮ್ಮ' ಎಂದರೆ ಇರುತ್ತಾಳೆ. ಆದರೆ ಅದು ಅಪ್ಪಣೆಯಂತೆ ಕೇಳಿಸುತ್ತದೆ. ಇರು, ಹೋಗು, ಮಲಗು, ಕೂತ್ಕೋ ಎಂದು ಅಮ್ಮನಿಗೆ ಇಷ್ಟು ವರ್ಷ ಹೇಳಿದ್ದೆಲ್ಲ ಅಪ್ಪಣೆಯೇ. ಬೇರೆ ಮಾತು ಹುಡುಕಬೇಕಿತ್ತು. ಕೊನೆಗೆ ಬಂದದ್ದು ತೀರಾ ಸಣ್ಣ ಮಾತು.

"ಅಮ್ಮ, ತಲೆ ತುಂಬಾ ತುರಿಸ್ತಿದೆ."

ಅಮ್ಮ ತಿರುಗಿದಳು. "ಮೊನ್ನೆ ಹಾಕ್ಕೊಂಡೆ ಅಂದೆ?"

"ಸುಳ್ಳು ಹೇಳ್ದೆ."

ಬಚ್ಚಲಲ್ಲಿ ಅಮ್ಮ ಅವಳನ್ನು ಗಿಡ್ಡ ಮಣೆಯ ಮೇಲೆ ಕೂರಿಸಿ, ಪ್ಲಾಸ್ಟರಿನ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಅದನ್ನು ನಲ್ಲಿಯ ಮೇಲೆ ಎತ್ತಿಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಚೊಂಬು ತಣ್ಣಗಿತ್ತು, ಎರಡನೆಯದು ಸುಡುಸುಡು. ಬೆರಳುಗಳಿಗೆ ಅಭ್ಯಾಸವಿರಲಿಲ್ಲ, ಉಜ್ಜುವ ಜಾಗವನ್ನೇ ಉಜ್ಜುತ್ತಾ, ಕಿವಿಯ ಹಿಂದೆ ಮರೆಯುತ್ತಾ, ಕೂದಲು ಎಳೆಯುತ್ತಾ ಹೋದವು. ಹೀಗಲ್ಲ, ಹಾಗೆ ಎಂಬ ಮಾತುಗಳು ಅವಳ ಬಾಯಿಯವರೆಗೆ ಸಾಲುಗಟ್ಟಿ ಬಂದವು. ಅಷ್ಟರಲ್ಲಿ ಸೋಪಿನ ನೊರೆ ಹಣೆಯಿಂದ ಇಳಿದು ಕಣ್ಣಿಗೆ ಹೋಯಿತು.

"ಅಮ್ಮಾ! ಉರೀತಿದೆ! ಕಣ್ಣು ಉರೀತಿದೆ ಅಮ್ಮಾ!"

ಯಾರು ಕೂಗಿದ್ದೆಂದು ಅವಳಿಗೇ ಒಂದು ಕ್ಷಣ ಗಾಬರಿಯಾಯಿತು, ಅಷ್ಟು ಸಣ್ಣ, ಅಷ್ಟು ಕಿರಿಚಾಟದ ದನಿ.

"ಉರೀದೆ ಇನ್ನೇನು?" ಎಂದಳು ಅಮ್ಮ. "ಕಣ್ಣು ಮುಚ್ಕೋ ಅಂತ ಬಡ್ಕೊಂಡೆ, ಕೇಳ್ತೀಯಾ ನೀನು? ಹೇಳಿದ ಮಾತು ಒಂದು ಕೇಳಲ್ಲ. ಅಲುಗಾಡಬೇಡ. ಕತ್ತು ಬಗ್ಸು. ಇನ್ನೂ!" ತಲೆಯ ಮೇಲೆ ಒಂದು ಮೊಟಕು ಬಿತ್ತು, ಅಂಥ ಮೆತ್ತಗಿನದೇನೂ ಅಲ್ಲ. ನೆನಪಿರುವಂತೆ ಅಮ್ಮನಿಂದ ಅವಳು ತಿಂದ ಮೊದಲನೆಯ ಬೈಗುಳ ಅದು. ನೀರೂ ನೊರೆಯೂ ಬಾಯಿಗೆ ಹೋಗುತ್ತಿದ್ದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಹೊರಗಿನ ಕೋಣೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

"ಚಿಕ್ಕೋನು, ಅಮ್ಮ."

"ಹೊಡ್ಕೊಳ್ಳಲಿ ಬಿಡು. ಕತ್ತು ಬಗ್ಸು ಅಂದೆ."

ಅವಳು ಕತ್ತು ಬಗ್ಗಿಸಿ ಕಣ್ಣು ಮುಚ್ಚಿಕೊಂಡಳು. ಫೋನು ಹೊಡೆದು ಹೊಡೆದು ಸುಮ್ಮನಾಯಿತು. ಮೇಲೆ ಎಲ್ಲೋ ಅಮ್ಮ ಚೊಂಬು ಅದ್ದುವ ಸದ್ದು, ಎತ್ತಿದ ನೀರನ್ನು ಬಿಸಿ ಹೆಚ್ಚೋ ಕಮ್ಮಿಯೋ ಎಂದು ಕೈಯಲ್ಲಿ ನೋಡಿಕೊಳ್ಳುತ್ತಿರಬೇಕು, ಒಂದಿಷ್ಟು ತಡವಾಯಿತು. ಅದು ಯಾವಾಗ ಬೀಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಅವಳು ಕಾದಳು.